ಕಡಲ ತಳದ ಕೊಳವೆಗೆ ಮಣ್ಣೇ ಅಪಾಯ
ಮಂಗಳೂರು ಕಡಲಿನಲ್ಲಿ 2013ರಿಂದ ಬೃಹತ್ ಹಡಗುಗಳು ಬಂದರಿಗೆ ಬಾರದೆಯೇ ಎಂಆರ್‌ಪಿಎಲ್‌ಗೆ ಕಚ್ಚಾ ತೈಲ ಇಳಿಸುತ್ತಿವೆ. ತೈಲ ದಡ ಸೇರುವುದು ಕಡಲ ತಳದ ಕೊಳವೆಯ ಮೂಲಕ. ಇಂತಹ ಕೊಳವೆಗಳಿಗೆ ಮುಂಗಾರಿನ ಅಲೆಯ ನೇರ ಹೊಡೆತಕ್ಕಿಂತ ತಳದ ಮಣ್ಣಿನ ವರ್ತನೆಯೇ ಹೆಚ್ಚು ಅಪಾಯಕಾರಿಯಾಗಬಲ್ಲದು.

ದೊಡ್ಡ ಅಲೆಗಳ ಏರಿಳಿತದ ಒತ್ತಡ ತಳಕ್ಕೂ ತಟ್ಟುತ್ತದೆ. ಸಡಿಲವಾದ ನುಣ್ಣನೆಯ ಮರಳಿನ ಕಣಗಳ ನಡುವಣ ನೀರು ಹೊರಹೋಗಲಾರದೆ ಒತ್ತಡ ಏರಿದರೆ, ಕಣಗಳ ಹಿಡಿತ ತಪ್ಪಿ ಮಣ್ಣು ಗಂಜಿಯಂತಾಗುತ್ತದೆ. ಆಗ ಹಗುರವಾದ ಕೊಳವೆ ಮೇಲೇಳುತ್ತದೆ, ಭಾರವಾದದ್ದು ಕುಸಿಯುತ್ತದೆ. ಕಾಂಕ್ರೀಟ್ ಕವಚದಿಂದ ತೂಕ ಹೆಚ್ಚಿಸುವುದು ರೂಢಿ. ಅತಿಯಾದರೆ ಅದೇ ಮುಳುವು! ಮರಳು ಕೊಚ್ಚಿಹೋದೆಡೆ ಕೊಳವೆ ಆಧಾರವಿಲ್ಲದೆ ತೂಗಿ, ನೀರಿನ ಸೆಳೆತಕ್ಕೆ ಕಂಪಿಸಿ, ಬೆಸುಗೆಗಳಲ್ಲಿ ಬಿರುಕು ಬಿಡಬಹುದು.

ಕಂದಕ ತೋಡಿ ಹೂಳುವುದು ಸಾಮಾನ್ಯ ಪರಿಹಾರ. ಆದರೆ ತೋಡಿದ ನುಣ್ಣನೆಯ ಮಣ್ಣನ್ನೇ ಮರಳಿ ತುಂಬಿದರೆ ಅದು ಇನ್ನಷ್ಟು ಸುಲಭವಾಗಿ ಗಂಜಿಯಾಗುತ್ತದೆ. ಜಲ್ಲಿ ತುಂಬಿದರೆ ನೀರು ಬೇಗ ಹೊರಹೋಗಿ ಒತ್ತಡ ಇಳಿಯುತ್ತದೆ.