ಹಳೇ ಗಾಡಿ, ಬ್ಯಾರೆ ಇಂಜಿನ್: ನಮ್ಮ ಭಾಗದ ಮಿಸ್ತ್ರಿಗಳ ಇತಿಹಾಸ

ಇತಿಹಾಸ ಅಂದಕೂಡಲೇ ನಮಗೆ ಪನ್ಹಾಳಾ ಕೋಟೆ, ಛತ್ರಪತಿಗಳ ಗಾದಿ, ದತ್ತಕ, ಲಡಾಯಿ ಇವೇ ನೆನಪಾಗುತ್ತವೆ. ಆದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯ ಮಂದಿ ದಿನಾ ಕಂಡ ಇನ್ನೊಂದು ಇತಿಹಾಸವಿದೆ. ಅದು ಗ್ಯಾರೇಜಿನದು. ಪೆಟ್ರೋಲ್ ಜೀಪಿನ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂಡಿಸಿದ್ದು, ಅಂಬಾಸಿಡರಿಗೆ ಮಟಾಡೋರಿನ ಇಂಜಿನ್ ಹಾಕಿದ್ದು ನಮ್ಮ ಕಡೆ ಹೊಸ ಮಾತಲ್ಲ. ಈಗ ಆ ಗಾಡಿಗಳೂ ಕಡಿಮೆಯಾಗುತ್ತಿವೆ, ಆ ಕೆಲಸ ಬಲ್ಲ ಕೈಗಳೂ ಕಡಿಮೆಯಾಗುತ್ತಿವೆ. ಅದಕ್ಕೇ ಈ ನಾಲ್ಕು ಮಾತು ಬರೆದಿಡಬೇಕಾಗಿದೆ.

ಮೊದಲು ಒಂದು ಸಂಗತಿ ನೋಡ್ರಿ. ಯಂತ್ರಕ್ಕೆ ಶಕ್ತಿ ಕೊಡುವ ಮೂಲವನ್ನು ಬದಲಿಸುವುದು ಈ ನೆಲಕ್ಕೆ ಮೋಟಾರು ಗಾಡಿಯಿಂದ ಬಂದ ವಿದ್ಯೆಯಲ್ಲ. ಕಬ್ಬಿನ ಗಾಣ ಮೊದಲು ಎತ್ತಿನಿಂದ ತಿರುಗುತ್ತಿತ್ತು. ಆಮೇಲೆ ಅದಕ್ಕೆ ಆಯಿಲ್ ಇಂಜಿನ್ನಿನ ಪಟ್ಟಾ ಬಂತು, ಕರೆಂಟು ಬಂದ ಮೇಲೆ ಮೋಟಾರು ಬಂತು. ಗಾಣ ಅದೇ, ಬೆಲ್ಲ ಅದೇ, ತಿರುಗಿಸುವವರು ಮಾತ್ರ ಬ್ಯಾರೆ. ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರ ಅವರು ಮೊದಲ ಪವರ್‌ಲೂಮ್ ಹಾಕಿದಾಗ ಆದದ್ದೂ ಇದೇ: ಕೈಯಿಂದ ನಡೆಯುತ್ತಿದ್ದ ಮಗ್ಗಕ್ಕೆ ಯಂತ್ರದ ಬಲ ಬಂತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಮನೆತನದ ಆಯಿಲ್ ಇಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯಿತು. ಕೊಲ್ಹಾಪುರದ ಶಿವಾಜಿ ಉದ್ಯಮನಗರದಲ್ಲಿ ಫೌಂಡ್ರಿ, ಲೇಥ್, ಇಂಜಿನ್ ಭಾಗಗಳ ಕೆಲಸ ಬೆಳೆಯಿತು. ಹೊಲದ ಇಂಜಿನ್ ಬಿಚ್ಚಿ ಕೂಡಿಸಿ ಪಳಗಿದ ಕೈ ಗಾಡಿಯ ಬಾನೆಟ್ ಎತ್ತಲು ಯಾಕೆ ಅಂಜೀತು?

ಕೊಲ್ಹಾಪುರದ ರಾಜಮನೆತನದ ಹತ್ತಿರ ಜರ್ಮನಿಯ ಮೇಬಾಕ್ ಗಾಡಿ ಇದೆ. ದಸರೆಯ ದಿನ ದಸರಾ ಚೌಕಿಗೆ ಅದು ಬರುವುದನ್ನು ನೋಡಲು ಜನ ಸೇರುತ್ತಾರೆ. ಅರಮನೆಯ ಗಾಡಿಯ ಮಾತು ಬ್ಯಾರೆ. ಬಾಡಿಗೆ ಹೊಡೆದು ಹೊಟ್ಟೆ ಹೊರೆಯುವವನ ಗಾಡಿಗೆ ಅಂಥ ಆರೈಕೆ ಎಲ್ಲಿಂದ ಬರಬೇಕು? ಎರಡನೇ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿಗೆ ರೇಷನ್ ಬಂತು. ದೇಶದ ತುಂಬ ಬಸ್ಸು ಲಾರಿಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಓಡಿಸಿದರು. ಇಂಜಿನ್ ಅದೇ ಇತ್ತು, ಅದರ ಊಟ ಬದಲಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಇನ್ನೊಂದು ಪೆಟ್ಟು ಬಿತ್ತು. ದೇಶದೊಳಗೇ ಗಾಡಿ ತಯಾರಾಗಬೇಕೆಂಬ ಧೋರಣೆಯಿಂದ, ಬಿಡಿಭಾಗ ತಂದು ಇಲ್ಲಿ ಜೋಡಿಸುತ್ತಿದ್ದ ಫೋರ್ಡ್, ಜನರಲ್ ಮೋಟರ್ಸ್ ಕಂಪನಿಗಳು 1954ರ ಹೊತ್ತಿಗೆ ಗಂಟುಮೂಟೆ ಕಟ್ಟಿದವು. ರಸ್ತೆಯ ಮೇಲಿದ್ದ ಫೋರ್ಡು, ಶೆವರ್ಲೆಗಳಿಗೆ ಪಿಸ್ಟನ್, ಬೇರಿಂಗ್ ಸಿಗುವುದು ಕಷ್ಟವಾಯಿತು. ಹೊಸ ಗಾಡಿ ಬೇಕೆಂದರೆ ಅಂಬಾಸಿಡರ್ ಇಲ್ಲವೆ ಫಿಯಾಟ್, ಅದಕ್ಕೂ ವರ್ಷಗಟ್ಟಲೆ ಪಾಳಿ. ಅದೇ ಕಾಲಕ್ಕೆ ಮದ್ರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಡೀಸೆಲ್ ಇಂಜಿನ್ ತಯಾರಿಸತೊಡಗಿತ್ತು. ಲಾರಿಗಳ ಪೆಟ್ರೋಲ್ ಇಂಜಿನ್ ಇಳಿದು ಪರ್ಕಿನ್ಸ್ ಏರಿತು. ಬಾಡಿ ಅಮೆರಿಕದ್ದು, ಗುಂಡಿಗೆ ಮದ್ರಾಸಿನದು.

1973ರ ಅಕ್ಟೋಬರಿನಲ್ಲಿ ಅರಬ ದೇಶಗಳು ಎಣ್ಣೆ ಬಿಗಿಹಿಡಿದವು. ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ನಮ್ಮ ದೇಶದಲ್ಲಿ ಪೆಟ್ರೋಲು ಶ್ರೀಮಂತರ ವಸ್ತು ಅಂತ ಅದರ ಮೇಲೆ ಕರ ಹೆಚ್ಚು, ಡೀಸೆಲ್ಲು ರೈತನದು, ಲಾರಿಯವನದು ಅಂತ ಅದಕ್ಕೆ ಬೆಲೆ ಕಡಿಮೆ. ಮೇಲಾಗಿ ಡೀಸೆಲ್ ಇಂಜಿನ್ ಒಂದು ಲೀಟರಿಗೆ ಹೆಚ್ಚು ದೂರ ಓಡುತ್ತದೆ. ಈ ಎರಡೂ ಕೂಡಿದಾಗ ಬಾಡಿಗೆ ಜೀಪಿನವನ ಲೆಕ್ಕ ತಾನೇ ಬದಲಾಯಿತು. ಮಹೀಂದ್ರಾ ಕಂಪನಿಯೇ ತನ್ನ ಬಿ-275 ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್ನನ್ನು ಜೀಪಿಗೆ ಹಾಕಿ ಮಾರಿತು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯ 2112 ಸಿ.ಸಿ. ಇಂಜಿನ್ ಬಂತು. ಅಂಬಾಸಿಡರ್ 1980ರ ಹೊತ್ತಿಗೆ ಡೀಸೆಲ್ಲಾಯಿತು. 1992ರಲ್ಲಿ ಅದಕ್ಕೆ ಜಪಾನಿನ ಇಸುಜು ಕಂಪನಿಯ 1817 ಸಿ.ಸಿ. ಪೆಟ್ರೋಲ್ ಇಂಜಿನ್ ಹಾಕಿದರು. ಅಂದರೆ ಹಳೇ ಮೈಗೆ ಹೊಸ ಇಂಜಿನ್ ಕೂಡಿಸುವುದನ್ನು ದೊಡ್ಡ ಕಾರ್ಖಾನೆಗಳೂ ಮಾಡಿದವು. ಅವರು ಮಾಡಿದರೆ ಅದಕ್ಕೆ ಹೊಸ ಮಾಡೆಲ್ ಅಂದರು, ನಮ್ಮ ಮಿಸ್ತ್ರಿ ಮಾಡಿದರೆ ಜುಗಾಡ ಅಂದರು!

ಈ ಕೆಲಸ ಹೇಳಿದಷ್ಟು ಹಗುರವಲ್ಲ. ಪೆಟ್ರೋಲ್ ಇಂಜಿನ್ ಗಾಳಿಯನ್ನು ಏಳೆಂಟು ಪಟ್ಟು ಒತ್ತಿ ಕಿಡಿ ಹಚ್ಚುತ್ತದೆ. ಆ ಕಾಲದ ಡೀಸೆಲ್ ಇಂಜಿನ್ ಇಪ್ಪತ್ತು ಪಟ್ಟಿನವರೆಗೆ ಒತ್ತಿ, ಆ ಶಾಖಕ್ಕೇ ಎಣ್ಣೆ ಉರಿಯುವಂತೆ ಮಾಡುತ್ತದೆ. ಅಷ್ಟು ಒತ್ತಡ ತಾಳಬೇಕಾದರೆ ಅದರ ಎರಕ ದಪ್ಪ, ತೂಕ ಹೆಚ್ಚು, ನಡುಕವೂ ಹೆಚ್ಚು. ಆದ್ದರಿಂದ ಮುಂದಿನ ಪಾಟಾಗಳಿಗೆ ಒಂದೆರಡು ಎಲೆ ಹೆಚ್ಚಿಗೆ ಹಾಕಬೇಕು. ಇಂಜಿನ್ ಕೂಡುವ ಮೌಂಟಿಂಗ್ ಕತ್ತರಿಸಿ ಹೊಸದಾಗಿ ಬೆಸೆಯಬೇಕು. ಹೊಸ ಇಂಜಿನ್ನಿನ ತೂತುಗಳು ಹಳೇ ಗೇರ್ ಬಾಕ್ಸಿಗೆ ಹೊಂದುವುದಿಲ್ಲ. ನಡುವೆ ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಲೇಥಿನ ಮೇಲೆ ಕಡೆದು ಕೂಡಿಸಬೇಕು. ಈ ತಟ್ಟೆಯ ಕೆಲಸದಲ್ಲೇ ಮಿಸ್ತ್ರಿಯ ಪರೀಕ್ಷೆ. ಎರಡೂ ಶಾಫ್ಟುಗಳ ನಡುಬಿಂದು ಕೂದಲೆಳೆಯಷ್ಟು ಸರಿದರೂ ಕ್ಲಚ್ ಅದುರುತ್ತದೆ, ಬೇರಿಂಗ್ ಬೇಗ ಸಾಯುತ್ತದೆ. ಇಷ್ಟಾದ ಮೇಲೂ ಡಿಫರೆನ್ಷಿಯಲ್ ಹಲ್ಲಿನ ಲೆಕ್ಕ ಉಳಿಯಿತು. ಡೀಸೆಲ್ ಇಂಜಿನ್ ನಿಧಾನ ತಿರುಗುತ್ತದೆ, ಪೆಟ್ರೋಲಿಗೆ ಮಾಡಿದ ಹಲ್ಲು ಹಾಗೇ ಬಿಟ್ಟರೆ ಗಾಡಿ ಚೀರುತ್ತದೆ ಹೊರತು ಓಡುವುದಿಲ್ಲ. ಬ್ರೇಕು ಮಾತ್ರ ಹಳೇದೇ ಉಳಿಸಿ ಬಲ ಹೆಚ್ಚಿಸಿದವರು ಘಾಟಿನ ಇಳಿಜಾರಿನಲ್ಲಿ ಜೀವಕ್ಕೇ ಎರವಾಗುವ ಕೆಲಸ ಮಾಡಿದಂತೆ. ನಮ್ಮ ಶಾಲೆಗಳಲ್ಲಿ ವಿಜ್ಞಾನ ಕಲಿಸುವ ಗುರುಗಳು ಒತ್ತಡ, ಶಾಖ, ಹಲ್ಲುಚಕ್ರದ ಪಾಠಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಹುಡುಕಬೇಕಾಗಿಲ್ಲ.

ಇನ್ನು ಕಾಯ್ದೆಯ ಮಾತು. ಇಂಜಿನ್ ನಂಬರ್ ಆರ್.ಸಿ. ಪುಸ್ತಕದಲ್ಲಿ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು ಅನ್ನುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬ್ಯಾರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ಆ ಮಾನ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಶರತ್ತು ಏನೆಂದರೆ ಚಾಸಿ, ಬಾಡಿ, ಇಂಜಿನ್ ಇವು ಮೂಲದಂತೆ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು.

ಇಲ್ಲೇ ನೋಡ್ರಿ ಗಂಟು ಬೀಳುವುದು. ಶೆಡ್ಡಿನಲ್ಲಿ ನಿಂತು ದಸರೆಗೊಮ್ಮೆ ಹೊರಬರುವ ಗಾಡಿ ಪರಂಪರೆ ಎನಿಸಿಕೊಳ್ಳುತ್ತದೆ. ಬಾಣಂತಿಯನ್ನು ದವಾಖಾನೆಗೆ ಒಯ್ದ, ಸಂತೆಗೆ ಮಂದಿ ತುಂಬಿಕೊಂಡು ಹೋದ, ಅದಕ್ಕಾಗಿಯೇ ಎರಡು ಸಲ ಇಂಜಿನ್ ಬದಲಿಸಿಕೊಂಡ ಜೀಪು ಭಂಗಾರದ ಅಂಗಡಿಗೆ ಹೋಗುತ್ತದೆ. ಮೂಲರೂಪ ಉಳಿಸಬೇಕೆನ್ನುವವರ ಮಾತು ಸುಳ್ಳಲ್ಲ. ಒಮ್ಮೆ ಕತ್ತರಿಸಿದ ಚಾಸಿ ಮತ್ತೆ ಮೊದಲಿನಂತೆ ಆಗದು. ಇಳಿಸಿದ ಮೂಲ ಇಂಜಿನ್ ಕಿಲೋ ಲೆಕ್ಕದಲ್ಲಿ ಮಾರಿದರೆ ಮತ್ತೆ ಸಿಗದು. ಆದರೆ ಇಂಜಿನ್ ಬದಲಿಸದೇ ಹೋಗಿದ್ದರೆ ಆ ಗಾಡಿಗಳಲ್ಲಿ ಬಹಳಷ್ಟು ಎಂದೋ ಕುಲುಮೆ ಸೇರುತ್ತಿದ್ದವು ಎನ್ನುವುದೂ ಅಷ್ಟೇ ಖರೆ. ಬದಲಾದ ಇಂಜಿನ್ನೂ ಒಂದು ದಾಖಲೆಯೇ: ಯಾವ ಕಾಲಕ್ಕೆ ಏನು ತುಟ್ಟಿಯಿತ್ತು, ಏನು ಸಿಗುತ್ತಿರಲಿಲ್ಲ, ನಮ್ಮ ಮಂದಿ ಹೇಗೆ ದಾರಿ ಹುಡುಕಿದರು ಅನ್ನುವುದನ್ನು ಅದು ಹೇಳುತ್ತದೆ.

2010ರಲ್ಲಿ ಪೆಟ್ರೋಲಿನ, 2014ರಲ್ಲಿ ಡೀಸೆಲ್ಲಿನ ಬೆಲೆಯ ಮೇಲಿನ ಸರ್ಕಾರದ ಹಿಡಿತ ಸಡಿಲಾಯಿತು. ಎರಡರ ನಡುವಿನ ಅಂತರ ಇಳಿಯಿತು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಡೀಸೆಲ್ ಕೂಡಿಸುವ ಕಾಲ ಮುಗಿದು ಈಗ ಬ್ಯಾಟರಿಯ ಮಾತು ನಡೆದಿದೆ.

ಹೀಗಿರುವಾಗ ನಾವು ಮಾಡಬಹುದಾದ ಕೆಲಸ ಸಣ್ಣದು, ಖರ್ಚಿಲ್ಲದ್ದು. ಮನೆಯಲ್ಲಿ ಹಳೇ ಗಾಡಿ ಇದ್ದವರು ಅದರ ಮೂಲ ಇಂಜಿನ್ ನಂಬರ್, ಬದಲಿಸಿದ ವರ್ಷ, ಮಿಸ್ತ್ರಿಯ ಹೆಸರು ಒಂದು ವಹಿಯಲ್ಲಿ ಬರೆದಿಡಲಿ. ಆರ್.ಸಿ. ಪುಸ್ತಕ ಹರಿದಿದ್ದರೂ ಎಸೆಯಬೇಡಿ. ಮೂಲ ಇಂಜಿನ್ ಮೂಲೆಯಲ್ಲಿ ಬಿದ್ದಿದ್ದರೆ ಭಂಗಾರದವನಿಗೆ ಕೊಡುವ ಮುಂಚೆ ಎರಡು ಸಲ ವಿಚಾರ ಮಾಡಿ. ಗುರುಗಳು ಮಕ್ಕಳನ್ನು ಊರಿನ ಹಿರಿಯ ಮಿಸ್ತ್ರಿಗಳ ಹತ್ತಿರ ಕರೆದೊಯ್ದು, ಅವರು ಹೇಳಿದ್ದನ್ನು ಬರೆಸಲಿ. ಕನ್ನಡದಲ್ಲಿ ಹೇಳಲಿ, ಮರಾಠಿಯಲ್ಲಿ ಹೇಳಲಿ, ಕೈ ಆಡಿದ್ದು ಒಂದೇ ಕಬ್ಬಿಣದ ಮೇಲೆ. ಆ ವಹಿಗಳನ್ನು ವಾಚನಾಲಯಕ್ಕೆ ತಂದುಕೊಟ್ಟರೆ ನಮ್ಮ ಕಪಾಟಿನಲ್ಲಿ ಅವಕ್ಕೆ ಜಾಗ ಇದ್ದೇ ಇದೆ.