ಪರ್ಮಿಟ್ ರೂಮಿನಿಂದ ಸರ್ವೋಚ್ಚ ನ್ಯಾಯಾಲಯಕ್ಕೆ: ಮುಂಬಯಿ ಹೋಟೆಲಿಗರ ಸಂಘಟನೆ

ಸಾಂತಾಕ್ರೂಜ್ ಪೂರ್ವದ ರೈಲು ನಿಲ್ದಾಣದಿಂದ ಹೊರಬಿದ್ದು ವಾಕೋಲಾದತ್ತ ನಡೆಯುವಾಗ ಸಿಗುವ ಹಳೆಯ ಹೋಟೆಲೊಂದಕ್ಕೆ ಹೊಕ್ಕರೆ, ಗಲ್ಲಾದ ಹಿಂದಿನ ಗೋಡೆಯನ್ನು ಒಮ್ಮೆ ನೋಡಬೇಕು. ದೇವರ ಪಟ, ಹಿರಿಯರ ಭಾವಚಿತ್ರ, ಅವುಗಳ ಪಕ್ಕದಲ್ಲಿ ಗಾಜು ಹಾಕಿಸಿದ ಪರವಾನಗಿಗಳು. ಮಹಾನಗರಪಾಲಿಕೆಯದು, ಆಹಾರ ಸುರಕ್ಷತೆಯದು. ಮದ್ಯ ಬಡಿಸುವಲ್ಲಿ ಅಬಕಾರಿ ಇಲಾಖೆಯದೂ ಉಂಟು. ಮುಂಬಯಿಯ ಉಡುಪಿ ಹೋಟೆಲುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮಾಟುಂಗಾದ ಇಡ್ಲಿ ಸಾಂಬಾರಿನಿಂದ ತೊಡಗುತ್ತಾರೆ. ನಮಗೆ ಆ ಚರಿತ್ರೆಯ ಇನ್ನೊಂದು ಮುಖ ಈ ಗೋಡೆಯಲ್ಲಿದೆ ಎನಿಸುತ್ತದೆ. ಇಷ್ಟು ಕಾಗದಗಳ ಮೇಲೆ ನಿಂತ ವ್ಯಾಪಾರಿಗೆ ಸರ್ಕಾರದೊಡನೆ ಒಬ್ಬಂಟಿಯಾಗಿ ಮಾತಾಡುವುದು ಸಾಧ್ಯವಿರಲಿಲ್ಲ.

ವ್ಯಾಪಾರಿಗಳು ಕೂಡಿ ಆಳುವವರನ್ನು ಪ್ರಭಾವಿಸುವುದು ಈ ನಗರಕ್ಕೆ ಹೊಸತಲ್ಲ. ಬಾಂಬೆ ಚೇಂಬರ್ ಆಫ್ ಕಾಮರ್ಸ್ 1836ರಷ್ಟು ಹಿಂದೆಯೇ ಹುಟ್ಟಿತು. ಭಾರತೀಯ ವರ್ತಕರ ಇಂಡಿಯನ್ ಮರ್ಚಂಟ್ಸ್ ಚೇಂಬರ್ 1907ರಲ್ಲಿ. ಬ್ರಿಟಿಷರ ಕಾಲದ ಶಾಸನಸಭೆಗಳಲ್ಲಿ ಇಂಥ ಸಂಸ್ಥೆಗಳಿಗೆ ಮೀಸಲು ಸ್ಥಾನಗಳಿದ್ದವು. ಹತ್ತಿ, ಗಿರಣಿ, ಹಡಗುಗಳ ಒಡೆಯರಿಗೆ ಬಾಗಿಲು ತಾನಾಗಿ ತೆರೆದಿತ್ತು ಎಂದರೆ ತಪ್ಪಿಲ್ಲ. ಕುಂದಾಪುರ, ಉಡುಪಿ, ಕಾರ್ಕಳಗಳಿಂದ ಬಂದು ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಮುಂದೆ ಮಾಲೀಕರಾದವರ ಸ್ಥಿತಿ ಬೇರೆ. ಮತಬಲವಿಲ್ಲ, ಭಾಷೆ ಊರಿನದಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದಾಗ ದಕ್ಷಿಣದವರ ಮೇಲಿನ ಸಿಟ್ಟಿಗೆ ಮೊದಲು ಸಿಕ್ಕಿದ್ದೇ ಉಡುಪಿ ಹೋಟೆಲಿನ ಗಾಜು.

ಅವರಿಗೆ ಮೊದಲು ಆಸರೆಯಾದದ್ದು ಜಾತಿಸಂಘಗಳು. 1927ರ ಬಂಟರ ಸಂಘ, ಸಾಂತಾಕ್ರೂಜಿನಲ್ಲೇ ಭವನವಿರುವ ಬಿಲ್ಲವರ ಅಸೋಸಿಯೇಶನ್ ಮೊದಲಾದವು ವಿದ್ಯಾರ್ಥಿವೇತನ ಕೊಟ್ಟವು, ಮದುವೆಗೆ ಸಭಾಗೃಹ ಕೊಟ್ಟವು. ಆದರೆ ಅಬಕಾರಿ ಶುಲ್ಕದ ಬಗ್ಗೆ ಮಂತ್ರಿಯ ಬಳಿ ಹೋಗಲು ಜಾತಿಯ ಹೆಸರು ಒದಗುವುದಿಲ್ಲ. ವೃತ್ತಿಯ ಹೆಸರೇ ಬೇಕು. ಹೀಗೆ 1970ರ ದಶಕದ ಕೊನೆಗೆ ರೂಪುಗೊಂಡದ್ದು ಇಂಡಿಯನ್ ಹೋಟೆಲ್ ಆ್ಯಂಡ್ ರೆಸ್ಟೊರೆಂಟ್ ಅಸೋಸಿಯೇಶನ್, ಜನರ ಬಾಯಲ್ಲಿ ‘ಆಹಾರ್’. ಅದರ ಅಧ್ಯಕ್ಷರ ಪಟ್ಟಿಯಲ್ಲಿ ಶೆಟ್ಟಿ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ.

ಕಾಲವೂ ಗಮನಾರ್ಹ. 1949ರ ಬಾಂಬೆ ಪಾನನಿರೋಧ ಕಾಯ್ದೆ 1960ರ ದಶಕದಿಂದ ಸಡಿಲವಾಗುತ್ತ ಬಂದು, ಅನೇಕ ಹೋಟೆಲುಗಳು ‘ಪರ್ಮಿಟ್ ರೂಮ್’ ಆದವು. ಕಾಯ್ದೆ ರದ್ದಾಗಲಿಲ್ಲ, ವಿನಾಯಿತಿ ಬಂತು ಅಷ್ಟೆ. ಕುಡಿಯುವವನ ಕೈಯಲ್ಲೂ ಪರವಾನಗಿ ಇರಬೇಕೆಂಬ ನಿಯಮ ಇಂದಿಗೂ ಇದೆ. ನಿಷೇಧದ ಒಳಗೇ ಬದುಕುವ ವ್ಯಾಪಾರವೆಂದರೆ ಪ್ರತಿದಿನವೂ ಯಾರದಾದರೂ ಕೃಪೆಯಲ್ಲಿ ಬದುಕುವುದು. ಸಂಘದ ಬಹುಪಾಲು ಕೆಲಸ ಇಲ್ಲಿಯದೇ: ನವೀಕರಣದ ದಿನಾಂಕ, ಹೊಸ ಆದೇಶದ ಅರ್ಥ, ಮನವಿಪತ್ರ, ನಿಯೋಗ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತದ ಈಚೆ ಬದಿಯಲ್ಲಿ ಕುಳಿತ ನಮಗೆ ಗೊತ್ತು, ಒಬ್ಬ ವ್ಯಕ್ತಿಯ ಅರ್ಜಿ ಕಟ್ಟಿನೊಳಗೆ ಮಲಗುತ್ತದೆ. ಸಂಘದ ಮುದ್ರೆಯಿರುವ ಅರ್ಜಿಗೆ ಕನಿಷ್ಠ ಒಂದು ಟಿಪ್ಪಣಿಯಾದರೂ ಬೀಳುತ್ತದೆ.

ಮನವಿಪತ್ರದ ಈ ದಾರಿ ಮುಗಿದದ್ದು 2005ರಲ್ಲಿ. ಮಹಾರಾಷ್ಟ್ರದ ಗೃಹ ಖಾತೆ ಹೊತ್ತಿದ್ದ ಆರ್. ಆರ್. ಪಾಟೀಲರು ಡಾನ್ಸ್ ಬಾರುಗಳನ್ನು ಮುಚ್ಚಿಸುವುದಾಗಿ ಘೋಷಿಸಿದರು. ಬಾಂಬೆ ಪೊಲೀಸ್ ಕಾಯ್ದೆಗೆ 33ಎ ಮತ್ತು 33ಬಿ ಕಲಮುಗಳು ಸೇರಿದವು. ಆಗಸ್ಟ್ 15ರಂದು ನಿಷೇಧ ಜಾರಿಗೆ ಬಂತು. ಮೊದಲನೆಯದು ಪರ್ಮಿಟ್ ರೂಮು, ಬಿಯರ್ ಬಾರುಗಳಲ್ಲಿ ನೃತ್ಯವನ್ನು ನಿಷೇಧಿಸಿತು. ಎರಡನೆಯದು ಮೂರು ನಕ್ಷತ್ರ ಮತ್ತು ಅದಕ್ಕೂ ಮೇಲಿನ ಹೋಟೆಲುಗಳಿಗೆ, ಜಿಮ್ಖಾನಾ ಮತ್ತು ಕ್ಲಬ್ಬುಗಳಿಗೆ ವಿನಾಯಿತಿ ಕೊಟ್ಟಿತು. ಶ್ರೀಮಂತರು ನೋಡಿದರೆ ಕಲೆ, ಗುಮಾಸ್ತ ನೋಡಿದರೆ ಅಶ್ಲೀಲ!

ಸಂಘಕ್ಕೆ ಹಿಡಿಯಲು ಸಿಕ್ಕ ಎಳೆ ಇದೇ. ಶಾಸಕರು ಒಮ್ಮತದಿಂದ ಒಪ್ಪಿದ ನೀತಿಯ ವಿರುದ್ಧ ಬೀದಿಯಲ್ಲಿ ಗೆಲ್ಲುವಂತಿರಲಿಲ್ಲ. ಊರಿನಲ್ಲಿ ಮುಖ ತೋರಿಸಬೇಕಾದ ಮಾಲೀಕರು ಈ ವಿಷಯದಲ್ಲಿ ಧ್ವನಿಯೆತ್ತಲು ಹಿಂಜರಿದರೂ ಆಶ್ಚರ್ಯವಿಲ್ಲ. ನಮ್ಮ ಕಣ್ಣಿಗೆ ಬಿದ್ದ ಕನ್ನಡ ಸ್ಮರಣಸಂಚಿಕೆಗಳಲ್ಲಿ ಈ ಪ್ರಕರಣದ ಪ್ರಸ್ತಾಪವೇ ಇಲ್ಲ. ಸಂಘ ನ್ಯಾಯಾಲಯಕ್ಕೆ ಹೋಯಿತು. ಜೊತೆಗೆ ನರ್ತಕಿಯರ ಭಾರತೀಯ ಬಾರ್ ಗರ್ಲ್ಸ್ ಯೂನಿಯನ್ ಕೂಡ ಹೋಯಿತು, ಇದನ್ನು ಮರೆಯಬಾರದು. ಎಪ್ಪತ್ತೈದು ಸಾವಿರ ಹೆಣ್ಣುಮಕ್ಕಳ ಕೆಲಸ ಹೋಗುತ್ತದೆಂಬ ಅರ್ಜಿದಾರರ ವಾದವಿಲ್ಲದೆ, ಬರಿಯ ಮಾಲೀಕರ ವ್ಯಾಪಾರದ ಹಕ್ಕು ಅಷ್ಟು ತೂಗುತ್ತಿತ್ತೇ ಎಂಬುದು ನಮ್ಮ ಸಂಶಯ.

2006ರ ಏಪ್ರಿಲ್ 12ರಂದು ಬಾಂಬೆ ಉಚ್ಚ ನ್ಯಾಯಾಲಯ ನಿಷೇಧವನ್ನು ರದ್ದುಪಡಿಸಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಏಳು ವರ್ಷ ಕಳೆದು, 2013ರ ಜುಲೈ 16ರಂದು ಸರ್ವೋಚ್ಚ ನ್ಯಾಯಾಲಯವೂ ಸಂಘದ ಪರವಾಗಿ ತೀರ್ಪಿತ್ತಿತು. ಇಷ್ಟಕ್ಕೆ ಮುಗಿಯಲಿಲ್ಲ. 2014ರಲ್ಲಿ ಸರ್ಕಾರ ವಿನಾಯಿತಿಯನ್ನು ಕಿತ್ತುಹಾಕಿ ಎಲ್ಲರಿಗೂ ಅನ್ವಯಿಸುವ ನಿಷೇಧ ತಂದಿತು. 2015ರಲ್ಲಿ ಅದಕ್ಕೆ ತಡೆಯಾಜ್ಞೆ ಬಿತ್ತು. 2016ರಲ್ಲಿ ಹೊಸ ಕಾಯ್ದೆಯೇ ಬಂತು. ಹೆಸರಿಗೆ ಅನುಮತಿ, ನಿಜದಲ್ಲಿ ಷರತ್ತುಗಳ ಬೇಲಿ: ಶಾಲೆ, ಪೂಜಾಸ್ಥಳಗಳಿಂದ ಒಂದು ಕಿಲೋಮೀಟರು ದೂರ, ಒಳಗೆಲ್ಲ ಸಿಸಿಟಿವಿ. ಮುಂಬಯಿಯಲ್ಲಿ ಒಂದು ಕಿಲೋಮೀಟರು ಸುತ್ತಿದರೆ ಗುಡಿಯೋ ಮಸೀದಿಯೋ ಇಗರ್ಜಿಯೋ ಸಿಗದ ಜಾಗವೆಲ್ಲಿ? 2019ರ ಜನವರಿ 17ರಂದು ನ್ಯಾಯಾಲಯ ಇವನ್ನೂ ತೆಗೆದುಹಾಕಿತು. ಸಂಜೆ 6ರಿಂದ ರಾತ್ರಿ 11.30ರ ಸಮಯಮಿತಿಯನ್ನು ಉಳಿಸಿತು.

ಹದಿನಾಲ್ಕು ವರ್ಷಗಳ ಗೆಲುವಿನಿಂದ ಬಂದದ್ದೇನು? ಸಂಘದ ಹೆಸರು ಕಾನೂನಿನ ಪಠ್ಯಗಳಲ್ಲಿ ಉಳಿಯಿತು. ಹಳೆಯ ಡಾನ್ಸ್ ಬಾರುಗಳ ಕಾಲ ಮರಳಲಿಲ್ಲ. ನ್ಯಾಯಾಲಯ ಸರ್ಕಾರದ ಕೈಯನ್ನು ತಡೆಯಬಲ್ಲದು. ಪರವಾನಗಿಗೆ ಸಹಿ ಹಾಕುವ ಕೈ ಮಾತ್ರ ಸರ್ಕಾರದ್ದೇ. ಮಾಲೀಕರು ಊಟದ ವ್ಯಾಪಾರಕ್ಕೋ ಬರಿಯ ಮದ್ಯಕ್ಕೋ ತಿರುಗಿಕೊಂಡರು. ನರ್ತಕಿಯರಿಗೆ ಆ ಅನುಕೂಲ ಇರಲಿಲ್ಲ.

ತೆರಿಗೆಯ ವಿಷಯದಲ್ಲಿ ಸಂಘಟನೆಯ ದಾರಿ ಬೇರೆ. 2017ರ ನವೆಂಬರಿನಲ್ಲಿ ರೆಸ್ಟೊರೆಂಟುಗಳ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಾಗ ದೇಶದ ಹೋಟೆಲು ಸಂಘಗಳ ಜೊತೆಗೆ ಗಿರಾಕಿಗಳೂ ಗೊಣಗಿದ್ದರು. ಬಿಲ್ಲು ಓದುವ ಮತದಾರನೇ ಆಗ ಸಂಘದ ಬಲ. ಮದ್ಯಕ್ಕೆ ಅಂಥ ಬೆಂಬಲವಿಲ್ಲ. ಪರ್ಮಿಟ್ ರೂಮಿನ ಮೌಲ್ಯವರ್ಧಿತ ತೆರಿಗೆ ಶೇ. 5ರಿಂದ 10ಕ್ಕೇರಿ, ಪರವಾನಗಿ ಶುಲ್ಕ ಶೇ. 15ರಷ್ಟು ಹೆಚ್ಚಿ, ಮೇಲೆ ಅಬಕಾರಿ ಸುಂಕವೂ ಏರಿದಾಗ ‘ಆಹಾರ್’ ಕೈಗೆತ್ತಿಕೊಂಡದ್ದು ಹಳೆಯ ಆಯುಧವನ್ನೇ. 2025ರ ಜುಲೈ 14, ಸೋಮವಾರ, ರಾಜ್ಯದಾದ್ಯಂತ ಬಾರುಗಳನ್ನು ಮುಚ್ಚಲು ಅದು ಕರೆಕೊಟ್ಟಿತು. ಅಂದು ಸಂಜೆ ಕಚೇರಿಯಿಂದ ಬರುವಾಗ ಸಾಂತಾಕ್ರೂಜಿನ ಹೋಟೆಲಿನಲ್ಲಿ ನಮಗೆ ಎಂದಿನಂತೆ ಚಹಾ ಸಿಕ್ಕಿತು. ಪಕ್ಕದ ಪರ್ಮಿಟ್ ರೂಮಿನ ಶಟರು ಕೆಳಗಿಳಿದಿತ್ತು.