ಸಣ್ಣ ಗದ್ದೆಗೆ ತಕ್ಕ ಟ್ರ್ಯಾಕ್ಟರ್

ಪಾಂಡವಪುರ, ಶ್ರೀರಂಗಪಟ್ಟಣಗಳ ನಾಲೆ ಬಯಲಿನಲ್ಲಿ ನಾಟಿಯ ಕಾಲಕ್ಕೆ ಕೆಸರಲ್ಲಿ ಹೂತ ದೊಡ್ಡ ಟ್ರ್ಯಾಕ್ಟರನ್ನು ನೀವು ನೋಡಿರಬಹುದು. ಅಶ್ವಶಕ್ತಿ ಅಷ್ಟಿದ್ದೂ ಹೀಗೇಕೆ?

ಟ್ರ್ಯಾಕ್ಟರ್ ಹುಟ್ಟಿದ್ದು ವಿಶಾಲವಾದ ಒಣ ಹೊಲಗಳಿಗಾಗಿ. 1917ರ ಫೋರ್ಡ್‌ಸನ್ ನೇಗಿಲನ್ನು ಬೆನ್ನಿಗೆ ಕಟ್ಟಿ ಎಳೆಯುತ್ತಿತ್ತು. ಚಕ್ರಕ್ಕೆ ಹಿಡಿತ ಸಿಗಬೇಕಾದರೆ ಯಂತ್ರವೇ ಭಾರವಿರಬೇಕಿತ್ತು. ನೇಗಿಲು ಬಂಡೆಗೆ ಸಿಕ್ಕರೆ ಮೂತಿ ಮೇಲೆದ್ದು ಚಾಲಕನ ಮೇಲೆಯೇ ಮಗುಚುವ ಅಪಾಯವೂ ಇತ್ತು. ಹ್ಯಾರಿ ಫರ್ಗ್ಯುಸನ್ ನೇಗಿಲನ್ನು ಮೂರು ಬಿಂದುಗಳಲ್ಲಿ ಜೋಡಿಸಿ, ಅದರ ಎಳೆತವೇ ಹಿಂಚಕ್ರವನ್ನು ನೆಲಕ್ಕೆ ಒತ್ತುವಂತೆ ಮಾಡಿದರು. 1939ರ ಫೋರ್ಡ್-ಫರ್ಗ್ಯುಸನ್ ಮೂಲಕ ಈ ಜೋಡಣೆ ಹರಡಿತು. ಹಗುರ ಯಂತ್ರವೂ ಉಳಬಲ್ಲದಾಯಿತು.

ಕೆಸರುಗದ್ದೆಗೆ ಉತ್ತರ ಬಂದದ್ದು ಭತ್ತದ ನಾಡಾದ ಜಪಾನಿನಿಂದ. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿ.ಎಸ್.ಟಿ. ಟಿಲ್ಲರ್ಸ್ ಸಂಸ್ಥೆ ಮಿತ್ಸುಬಿಷಿ ತಂತ್ರಜ್ಞಾನದಿಂದ ಪವರ್ ಟಿಲ್ಲರ್‌ಗಳನ್ನು, ಮುಂದೆ 18.5 ಅಶ್ವಶಕ್ತಿಯ ಪುಟ್ಟ ಟ್ರ್ಯಾಕ್ಟರನ್ನೂ ತಯಾರಿಸಿತು.

ನೂರಡಿ ಉದ್ದ, ನೂರಡಿ ಅಗಲದ ಮಡಿ ಎಂದರೆ ಸುಮಾರು 9 ಗುಂಟೆ. ಅಲ್ಲಿ ದೊಡ್ಡ ಯಂತ್ರ ತಿರುಗುವುದರಲ್ಲೇ ಹೊತ್ತು ಹೋಗುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟ ಕೆಳಗಿದೆ: ನೀರನ್ನು ಹಿಡಿದಿಡುವ ಗಟ್ಟಿ ಪದರವನ್ನು ಭಾರದ ಚಕ್ರ ಸೀಳಿದರೆ ನೀರು ಇಂಗಿಹೋಗುತ್ತದೆ. ಆದ್ದರಿಂದ ಇಲ್ಲಿ ಮೊದಲು ಕೇಳಬೇಕಾದದ್ದು ತೂಕ, ನಾಲ್ಕು ಚಕ್ರಗಳಿಗೂ ಚಾಲನೆ ಇದೆಯೇ ಎಂಬುದು, ಅಶ್ವಶಕ್ತಿ ಆಮೇಲೆ.

ನಾಗಮಂಗಲದ ರಾಗಿ ಹೊಲದಲ್ಲಿ ಲೆಕ್ಕ ಬೇರೆ. ಬೇಸಿಗೆಯಲ್ಲಿ ಗಟ್ಟಿಯಾದ ಕೆಂಪು ನೆಲವನ್ನು ಆಳವಾಗಿ ಉಳಲು ಪುಟ್ಟದು ಏದುತ್ತದೆ. ತೆಂಗಿನ ಸಾಲುಗಳ ನಡುವೆ ಮಾತ್ರ ಅದೇ ಸಲೀಸು. ನಾಲೆಯೂ ಬೆದ್ದಲೂ ಇರುವ ಕೆ.ಆರ್.ಪೇಟೆಯವರಿಗೆ ಎರಡೂ ಬೇಕು! ಆಳದ ಉಳುಮೆಗೆ ವರ್ಷಕ್ಕೊಮ್ಮೆ ದೊಡ್ಡದನ್ನು ಬಾಡಿಗೆಗೆ ತರುವುದೇ ಮೇಲು. ರಾಜ್ಯ ಸರ್ಕಾರ 2014-15ರಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ತೆರೆಯಲು ಆರಂಭಿಸಿದ್ದು ಇಂಥವರಿಗಾಗಿಯೇ. ಎರಡೆಕರೆಯವರು ಕೆಲವೇ ದಿನ ಓಡುವ ಯಂತ್ರಕ್ಕೆ ವರ್ಷವಿಡೀ ಕಂತು ಕಟ್ಟುವುದು ತಪ್ಪುತ್ತದೆ.